ಬೊಂಬೆಯ ರೆಪ್ಪೆ

ಬೊಂಬೆಯ ಕಣ್ಣಿಗೆ ಬಳಿದ ಹಸಿ ಬಣ್ಣದ ಮೇಲೆ ರೆಪ್ಪೆಗೂದಲೊಂದು ಉದುರಿತು. ಅದು ಬಣ್ಣ ಬಳಿಯುತ್ತಿದ್ದವಳದೇ. ಬೆಳಗಿನಿಂದ ಇದು ಮೂರನೆಯದು.

“ಬಿಸಿನೀರಿನ ಬಟ್ಟೆ ಒತ್ತಿ ರೆಪ್ಪೆ ಒರೆಸ್ಕೊಂಡ್ಯಾ ಇವತ್ತು?” ಪಕ್ಕದ ಮೇಜಿನ ಅಕ್ಕ ಕೇಳಿದಳು.

“ಊತ ಇಳಿದಿತ್ತಲ್ಲಕ್ಕ, ಬಿಟ್ಬಿಟ್ಟೆ.”

“ಇಳಿದ್ರೂ ಬಿಡಬೇಡ, ದಿನಾ ಮಾಡು ಅಂತ ಡಾಕ್ಟ್ರು ಅಷ್ಟು ಬಡ್ಕೊಂಡ್ರಲ್ಲೇ.”

ಮಾತು ಕೇಳುತ್ತಲೇ ಅವಳು ಗುಂಡುಸೂಜಿಯಿಂದ ಕೂದಲನ್ನು ಎತ್ತಲು ನೋಡಿದಳು. ಅದು ಬಣ್ಣಕ್ಕೆ ಇನ್ನಷ್ಟು ಅಂಟಿಕೊಂಡಿತು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಬೊಂಬೆಯನ್ನು ಬೆಳಕಿಗೆ ಹಿಡಿದ. ಕೆಲಸ ಹೋಯಿತೆಂದುಕೊಂಡಳು ಅವಳು.

“ಭೇಷ್, ಥೇಟ್ ನಿಜವಾದ ರೆಪ್ಪೆ,” ಎಂದ. “ಉಳಿದಿದ್ದಕ್ಕೂ ಹೀಗೇ ಬರ್ಲಿ.”

ಮೇಜಿನ ಮೇಲೆ ಇನ್ನೂ ನಲವತ್ತು ಬೊಂಬೆಗಳು ಸಾಲಾಗಿ ಕಾಯುತ್ತಿದ್ದವು. ಅವಳ ಕೈ ತಾನಾಗಿಯೇ ಉರಿಯುವ ರೆಪ್ಪೆಯತ್ತ ಹೋಯಿತು. ಅಲ್ಲಿ ಉಳಿದು ಬೆರಳಿಗೆ ಸಿಕ್ಕಿದ್ದು ನಾಲ್ಕೋ ಐದೋ ಕೂದಲಷ್ಟೇ.