ದುಡಿದವಳ ಕೂಲಿ

ಆಲೆಮನೆಯ ಮುದ್ದೇಗೌಡ ಜವರಯ್ಯನ ವಾರದ ಕೂಲಿ ಕೊಟ್ಟು, ಅವನ ಹೆಂಡತಿಯ ಕೂಲಿಯನ್ನೂ ಎಂದಿನಂತೆ ಅವನತ್ತಲೇ ಚಾಚಿದಾಗ ನಡುವೆ ಇನ್ನೊಂದು ಕೈ ಬಂತು. ಅದು ಆ ಹೆಂಡತಿ ಸಣ್ಣತಾಯಮ್ಮನದು. ಬಿಸಿ ಬೆಲ್ಲವನ್ನು ಅಚ್ಚಿಗೆ ತುಂಬಿ ತುಂಬಿ ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು.

"ನನ್ ಕೂಲಿ ನನ್ ಕೈಗೇ ಕೊಡಿ ಗೌಡ್ರೇ," ಎಂದಳು.

ಮುದ್ದೇಗೌಡ ನಕ್ಕ. "ಒಂಬತ್ತು ವರ್ಸದಿಂದ ನಿನ್ ಗಂಡನ ಕೈಗೇ ಕೊಡ್ತಾ ಇವ್ನಿ. ಇವತ್ತೇನಮ್ಮ ಒಸದು?"

"ಮೊನ್ನೆ ಮದ್ದೂರಲ್ಲಿ ಲೇಬರ್ ಆಫೀಸ್ ಮೇಡಮ್ಮು ಯೋಳುದ್ರು. ಯಾರು ದುಡಿತಾರೋ ಅವರ ಕೈಗೇ ಕೊಡ್ಬೇಕಂತೆ. ನಮ್ ದೇಸದಲ್ಲಿ ಮಾತ್ರ ಅಲ್ಲ, ಲೋಕದ ಕಾನೂನೂ ಅಂಗೇ ಐತಂತೆ."

ಕೂಲಿಗೆಂದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಇತ್ತ ತಿರುಗಿದರು. ಜವರಯ್ಯನಿಗೆ ಅವಮಾನವಾದಂತಾಯಿತು. ಅವನು ಕುಡುಕನಲ್ಲ, ಅವಳ ದುಡ್ಡನ್ನು ಹಾಳು ಮಾಡಿದವನೂ ಅಲ್ಲ. ಬಯ್ಯಲೆಂದು ಅವಳ ಕಡೆ ತಿರುಗಿದ. ಅವಳು ಕಬ್ಬಿನ ಸಿಪ್ಪೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಒಂದು ಜೊತೆ ಚಪ್ಪಲಿ ಬೇಕೆಂದು ಅವಳು ಯುಗಾದಿಯಿಂದ ಕೇಳುತ್ತಿದ್ದಳು. ಮುಂದಿನ ವಾರ ನೋಡೋಣ ಎಂದು ಅವನು ಪ್ರತಿ ವಾರವೂ ಹೇಳಿದ್ದ.

"ನೀನೇನಂತೀಯಲಾ ಜವರ?" ಮುದ್ದೇಗೌಡ ಕೇಳಿದ. ನೋಟುಗಳು ಇನ್ನೂ ಅವನ ಬೆರಳಲ್ಲೇ ಇದ್ದವು.

ಜವರಯ್ಯ ಕೂಲಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹೆಂಡತಿಗೆ ದಾರಿಬಿಟ್ಟು ಪಕ್ಕಕ್ಕೆ ಸರಿದು ನಿಂತ.

"ದುಡ್ದೋಳು ಅವ್ಳು ಕಣ್ರೀ ಗೌಡ್ರೇ," ಎಂದ. "ನನ್ನೇನ್ ಕೇಳ್ತೀರಿ? ಅವ್ಳಿಗೇ ಕೊಡಿ."