ಪಂಕಜಮ್ಮನವರ ಎರಡು ಲೆನ್ಸು

ಪಂಕಜಮ್ಮನವರು ಎರಡು ಲೆನ್ಸುಗಳನ್ನು ಮಣೆಯ ಮೇಲಿಟ್ಟು, "ದುಡ್ಡಿನ ಮಾತು ಬೇಡ. ಇಬ್ಬರಿಗೂ ಒಂದೊಂದು. ಆದರೆ ಇಬ್ಬರೂ ನನ್ನದೊಂದೊಂದು ಫೋಟೋ ತೆಗೀಬೇಕು. ಯಾರದ್ದು ನನಗೆ ಹಿಡಿಸುತ್ತೋ ಅವರು ಮೊದಲು ಆರಿಸಿಕೊಳ್ಳಲಿ" ಎಂದರು. ಅವರ ಯಜಮಾನರು ಶಿವನಸಮುದ್ರದ ಪವರ್ ಹೌಸಿನಲ್ಲಿ ಎಂಜಿನಿಯರ್ ಆಗಿದ್ದವರು, ಹೋದ ವರ್ಷ ತೀರಿಕೊಂಡಿದ್ದರು. ಈ ಲೆನ್ಸುಗಳಿದ್ದ ಅವರ ಹಳೆಯ ಜರ್ಮನ್ ಕ್ಯಾಮೆರಾ ಅದಕ್ಕೂ ಮೊದಲೇ ಕೆಟ್ಟು ಮೂಲೆ ಸೇರಿತ್ತು. ಅದೇ ಜಾತಿಯ ಕ್ಯಾಮೆರಾ ಮಳವಳ್ಳಿಯಲ್ಲಿ ಇನ್ನೂ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಒಬ್ಬ ಪೇಟೆ ಬೀದಿಯಲ್ಲಿ ಸ್ಟುಡಿಯೋ ಇಟ್ಟ ತಿರುನಾರಾಯಣ, ಇನ್ನೊಬ್ಬ ಬಸ್ ಸ್ಟ್ಯಾಂಡಿನ ಎದುರಿನ ಚಲುವರಾಜು.

ತಿರುನಾರಾಯಣನ ಕಣ್ಣು ದೊಡ್ಡ ಲೆನ್ಸಿನ ಮೇಲೆ ನೆಟ್ಟಿತ್ತು. ಎರಡೂ ಐವತ್ತು ಮಿಲಿಮೀಟರಿನವೇ. ಆದರೆ ಸಣ್ಣದಕ್ಕೆ ಬೆಳಕು ಧಾರಾಳವಾಗಿ ಬೇಕು, ದೊಡ್ಡದಕ್ಕೆ ಅರೆಬೆಳಕು ಸಾಕು. ಸಂಜೆಯಾದರೆ ಬಲ್ಬು ಕೆಂಪಗಾಗುವ ಎಪ್ಪತ್ನಾಲ್ಕನೆಯ ಇಸವಿಯ ಮಳವಳ್ಳಿ ಕರೆಂಟಿನಲ್ಲಿ ಅದು ಬಂಗಾರ. ಅದು ಚಲುವರಾಜುವಿಗೂ ಗೊತ್ತಿತ್ತು. ಗೊತ್ತಿಲ್ಲದೆ ಏನು, ಕಲಿಸಿದವನು ತಿರುನಾರಾಯಣನೇ ಅಲ್ಲವೆ! ಬೆಳಕವಾಡಿಯಿಂದ ಬಂದು ನಾಲ್ಕು ವರ್ಷ ಅವನ ಕತ್ತಲಕೋಣೆಯಲ್ಲಿ ಟ್ರೇ ತೊಳೆದವನು ಈಗ ಊರಿನ ಮದುವೆ ಮುಂಜಿಗಳನ್ನೆಲ್ಲ ಬಾಚಿಕೊಂಡಿದ್ದ. ಹೋದ ತಿಂಗಳು ತಿರುನಾರಾಯಣನ ಸ್ವಂತ ತಂಗಿಯ ಮಗನ ಮುಂಜಿಗೂ ಅವನನ್ನೇ ಕರೆದಿದ್ದರು. ಆ ದಿನ ಉಂಡ ಪಾಯಸ ತಿರುನಾರಾಯಣನಿಗೆ ಇನ್ನೂ ಅರಗಿರಲಿಲ್ಲ.

ಪಂಕಜಮ್ಮ ಸೀರೆ ಬದಲಿಸಲು ಒಳಗೆ ಹೋದಾಗ ಇಬ್ಬರೂ ಜಗಲಿಯಲ್ಲಿ ಚೀಟಿ ಎತ್ತಿದರು. ಫೋಟೋ ತೆಗೆಯಲು ದೊಡ್ಡ ಲೆನ್ಸು ಬಂದದ್ದು ಚಲುವರಾಜುವಿಗೆ, ಸಣ್ಣದು ತಿರುನಾರಾಯಣನಿಗೆ. ಅವನು ನಯವಾಗಿ ಕೂರಿಸಿ ತೆಗೆದ. ತಿರುನಾರಾಯಣನ ಸರದಿ ಬರುವ ಹೊತ್ತಿಗೆ ಪಂಕಜಮ್ಮನಿಗೆ ಕೂತು ಕೂತು ಬೇಸರವಾಗಿ, ಹಾಲಿಗೆ ನೀರು ಬೆರೆಸಿದ ದೇವಿರಮ್ಮನನ್ನು ಕಿಟಕಿಯಿಂದಲೇ ಬೈಯುತ್ತಿದ್ದರು. ಅವನು ಬೈಗುಳದ ನಡುವೆಯೇ ಒತ್ತಿಬಿಟ್ಟ. ಒತ್ತಿದ್ದು ಯಾರೆಂದು ಅವರು ತಿರುಗಿಯೂ ನೋಡಲಿಲ್ಲ.

"ಎರಡನ್ನೂ ಒಂದೇ ಕಡೆ, ಒಂದೇ ಥರ ಪ್ರಿಂಟ್ ಹಾಕಿ" ಎಂದು ಪಂಕಜಮ್ಮನವರ ಅಪ್ಪಣೆಯಾಯಿತು. ಚಲುವರಾಜು ತನ್ನ ಫಿಲ್ಮನ್ನು ಬಿಚ್ಚಿ ಕೊಟ್ಟ. "ನೀವೇ ತೊಳ್ದು ಆಕ್ಬುಡಿ ಸಾಮಿ. ನಿಮ್ ಕೈ ನಂಗೊತ್ತಿಲ್ವಾ?"

ಟ್ರೇಯಲ್ಲಿ ಚಲುವರಾಜುವಿನ ಫೋಟೋ ಮೂಡಿ ಬಂದಾಗ ತಿರುನಾರಾಯಣನಿಗೆ ಹೊಟ್ಟೆ ಉರಿಯಿತು. ದೊಡ್ಡ ಲೆನ್ಸಿನ ಕೃಪೆಯಿಂದ ಎಪ್ಪತ್ತರ ಮುದುಕಿಯ ಮುಖದಲ್ಲಿ ಒಂದು ಸುಕ್ಕಿಲ್ಲ, ನೆರೆತ ಕೂದಲ ಸುತ್ತ ತೆಳು ಬೆಳಕು. ಸಣ್ಣ ಲೆನ್ಸಿನ ತನ್ನದರಲ್ಲೋ, ಹಣೆಯ ಗೆರೆ ಒಂದೊಂದನ್ನೂ ಎಣಿಸಬಹುದಿತ್ತು. ಗಲ್ಲದ ನರೂಲಿ, ಗಂಟಿಕ್ಕಿದ ಹುಬ್ಬು, ಅರ್ಧ ತೆರೆದ ಬಾಯಿ. ತನ್ನ ಸುಕ್ಕನ್ನು ತಾನೇ ನೋಡಿ ಸಂತೋಷಪಡುವ ಗಿರಾಕಿ ಎಲ್ಲಿದ್ದಾನೆ? ಇಪ್ಪತ್ತೈದು ವರ್ಷ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಊರಿನವರ ಸುಕ್ಕು ಅಳಿಸಿದವನು ಅವನು. ಪ್ರಿಂಟು ಒಣಗಿದ ಮೇಲೆ ಸ್ಟುಡಿಯೋ ವಾಡಿಕೆಯಂತೆ ಹಿಂದುಗಡೆ ಹೆಸರು ಬರೆದ. ನುಣುಪು ಮುಖದ ಹಿಂದೆ ತಿರುನಾರಾಯಣ, ಸುಕ್ಕಿನ ಹಿಂದೆ ಚಲುವರಾಜು. ಕಲಿಸಿದವನ ಎದುರು ಚಲುವರಾಜು ಬಾಯಿ ಬಿಡಲಾರ ಎಂದುಕೊಂಡ.

ಮರುದಿನ ಪಂಕಜಮ್ಮ ಕನ್ನಡಕ ಏರಿಸಿ ನುಣುಪಾದದ್ದನ್ನು ನೋಡಿ ಪಕ್ಕಕ್ಕಿಟ್ಟರು. "ಇದು ಬೇಡಪ್ಪ. ನಮ್ಮ ಯಜಮಾನರೂ ನಲವತ್ತು ವರ್ಷ ನನ್ನನ್ನ ಹೀಗೇ ಹಾಲಲ್ಲಿ ಅದ್ದಿ ಅದ್ದಿ ತೆಗೆದರು. ಪೆಟ್ಟಿಗೆ ತುಂಬ ಫೋಟೋ ಇದೆ, ಒಂದರಲ್ಲೂ ನಾನಿಲ್ಲ." ಇನ್ನೊಂದನ್ನು ಎತ್ತಿಕೊಂಡವರೇ ಗಟ್ಟಿಯಾಗಿ ನಕ್ಕರು. "ಅಯ್ಯೋ, ಇದು ನೋಡಿ ನಾನು! ಈ ಬಾಯಿ ನಂದೇ!" ತಿರುಗಿಸಿ ಹೆಸರು ಓದಿದರು. "ಭೇಷ್ ಚಲುವರಾಜು, ನೀನೇ ಮೊದಲು ಆರಿಸಿಕೋ."

ಚಲುವರಾಜು ಫೋಟೋ ಇಸಕೊಂಡು ನೋಡಿದ. ಹಿಂದೆ ತಿರುಗಿಸಿದ, ಮತ್ತೆ ಮುಂದೆ ತಿರುಗಿಸಿದ. ಅವನಿನ್ನೂ ತುಟಿ ಬಿಚ್ಚುವ ಮೊದಲೇ ತಿರುನಾರಾಯಣನ ಕೈ ಜೇಬಿನಲ್ಲಿದ್ದ ಪೆನ್ನನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳನ ಕಥೆಯೇ.

"ಇದು ನಂದಾ ಸಾಮಿ?"

ತಿರುನಾರಾಯಣ ಜೀವಮಾನದಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಎದುರಿಗಿತ್ತು. "ನನ್ನದು" ಅಂದರೆ ದೊಡ್ಡ ಲೆನ್ಸೂ ಅವನದೇ. ಆದರೆ ಅಲ್ಲಿರುವ ಹೆಸರನ್ನು ಬರೆದವರು ಯಾರು ಎಂದು ಮರುಕ್ಷಣವೇ ಕೇಳುತ್ತಾರೆ.

"ನಿಂದೇ ಕಣಯ್ಯ. ಹೆಸರಿದೆಯಲ್ಲ" ಎಂದ.

"ಸರಿ ಬುಡಿ" ಎಂದು ಚಲುವರಾಜು ಮಣೆಯ ಕಡೆ ಕೈ ಚಾಚಿ, ದೊಡ್ಡದನ್ನು ಅಲ್ಲೇ ಬಿಟ್ಟು ಸಣ್ಣದನ್ನು ಎತ್ತಿಕೊಂಡ. ತಿರುನಾರಾಯಣ ಬಯಸಿದ್ದು ಅವನ ಪಾಲಿಗೇ ಉಳಿಯಿತು. ಆದರೆ ಚಲುವರಾಜುವಿನ ಮುಷ್ಟಿ ಸಣ್ಣ ಲೆನ್ಸನ್ನು ಮುಚ್ಚಿಕೊಂಡದ್ದು ಕಂಡದ್ದೇ ತಡ, ತನಗೆ ಬೇಕಿದ್ದದ್ದು ಅದೇ ಅನ್ನಿಸಿ ಅವನ ಹೊಟ್ಟೆ ಮತ್ತೊಮ್ಮೆ ಉರಿಯಿತು.

"ಈ ಫೋಟೋನ ನಿನ್ನ ಅಂಗಡಿ ಮುಂದೆ ಹಾಕು ಚಲುವರಾಜು. ಕೆಳಗೆ ದೊಡ್ಡದಾಗಿ ನಿನ್ನ ಹೆಸರಿರಲಿ. ಬಸ್ಸಿಗೆ ಬರೋರೆಲ್ಲ ನೋಡಲಿ" ಎಂದರು ಪಂಕಜಮ್ಮ.

"ಆಗ್ಲಿ ಕಣಮ್ಮ" ಎಂದ ಚಲುವರಾಜು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ವಿನಯದಿಂದ ತಿರುನಾರಾಯಣನ ಮುಂದೆ ಒಡ್ಡಿದ.

"ಇಂದುಗಡೆ ಬರ್ದಿದ್ದೀರಲ್ಲ ಸಾಮಿ, ಮುಂದುಗಡೆನೂ ನೀವೇ ಬರ್ದುಬುಡಿ."