ಬಲಗೆನ್ನೆಯ ಮಚ್ಚೆ

ತಟ್ಟೆಯ ದ್ರಾವಣದಲ್ಲಿ ಸತ್ತವಳ ಮುಖ ಮೂಡತೊಡಗಿತು. ಮೊದಲು ಕಣ್ಣು, ಆಮೇಲೆ ತುಟಿ, ಕೊನೆಗೆ ಬಲಗೆನ್ನೆಯ ಮಚ್ಚೆ.

ಕೆಂಪು ದೀಪದ ಕೆಳಗೆ ರೋನಾ ಉಸಿರು ಬಿಗಿಹಿಡಿದು ನಿಂತಿದ್ದಳು. ಎಷ್ಟು ಸಲ ಕಂಡರೂ ಈ ಗಳಿಗೆಗೆ ಅವಳ ಎದೆ ಒಗ್ಗಿರಲಿಲ್ಲ. ಕ್ಯಾಮೆರಾದ ಮುಂದೆ ಕೂತಿದ್ದವಳು ಅವಳೇ. ಮನೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಆದರೂ ಕಾಗದದ ಮೇಲೆ ಬಂದು ಕೂತವಳು ಮೊರಾಗ್, ಅವಳ ಅವಳಿ ಅಕ್ಕ. ಚಳಿಗಾಲದಲ್ಲಿ ದೋಣಿ ಮಗುಚಿ ಸಮುದ್ರದ ಪಾಲಾದವಳು. ಹೂಳುವುದಕ್ಕೆ ದೇಹವೂ ಸಿಗಲಿಲ್ಲ.

“ಬಂದ್ಯಾ?” ಎಂದಳು ರೋನಾ ಮೆಲ್ಲಗೆ.

ದೆವ್ವವೂ ಅಲ್ಲ, ಭೂತವೂ ಅಲ್ಲ, ಎಲ್ಲ ಆ ಕಾಗದದ ಕರಾಮತ್ತು. ಅದಕ್ಕೆ ನೆಗೆಟಿವ್ ಬೇಕಿಲ್ಲ. ಕ್ಯಾಮೆರಾದೊಳಗೆ ಇಟ್ಟ ಹಾಳೆಯೇ ನೇರವಾಗಿ ಚಿತ್ರವಾಗುತ್ತದೆ. ಆದರೆ ಕನ್ನಡಿಯಲ್ಲಿ ಕಂಡಂತೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ರೋನಾಳ ಮಚ್ಚೆ ಎಡಗೆನ್ನೆಯಲ್ಲಿ, ಮೊರಾಗ್‌ಳದು ಬಲಗೆನ್ನೆಯಲ್ಲಿ. ಆ ಮಚ್ಚೆಯೊಂದು ಇಲ್ಲದಿದ್ದರೆ ಅವರಿಬ್ಬರಲ್ಲಿ ಯಾರು ಯಾರೆಂದು ಓಮರು ಊರಿನಲ್ಲಿ ಒಬ್ಬರೂ ಹೇಳಲಾರರು.

ಈ ನಾಟಕವೆಲ್ಲ ಅಮ್ಮನಿಗಾಗಿ. ದೋಣಿ ಮಗುಚಿದಾಗ ಅಮ್ಮ ಎದೆಯ ಆಪರೇಷನ್ ಮುಗಿಸಿ ಮಲಗಿದ್ದಳು. ಈಗ ಹೇಳಬೇಡಿ, ಜೀವಕ್ಕೇ ಕುತ್ತು ಬಂದೀತು ಎಂದರು ಡಾಕ್ಟರು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೇ ದಿನ ತಳ್ಳಿದ ರೋನಾಗೆ ಕೊನೆಗೆ ಹೇಳುವ ಬಾಯೇ ಬರಲಿಲ್ಲ. ನೆರೆಹೊರೆಯವರಿಂದ ಹಿಡಿದು ವೃದ್ಧಾಶ್ರಮದ ದಾದಿಯರವರೆಗೆ ಎಲ್ಲರ ಬಾಯಿಗೂ ಬೀಗ ಬಿತ್ತು.

ಸುಳ್ಳಿಗೆ ಅನುಕೂಲವೂ ಇತ್ತು. ಮೊರಾಗ್ ದಕ್ಷಿಣದ ಒಂದು ದ್ವೀಪದಲ್ಲಿ ಹಕ್ಕಿ ಕಾಯುವ ಕೆಲಸದಲ್ಲಿದ್ದಳು. ಅಲ್ಲಿ ಫೋನ್ ಸಿಗುವುದಿಲ್ಲ. ಸಾಮಾನಿನ ದೋಣಿ ಬಂದಾಗೆಲ್ಲ ತನ್ನ ದೊಡ್ಡ ಕ್ಯಾಮೆರಾದಲ್ಲಿ ತನ್ನನ್ನೇ ತೆಗೆದುಕೊಂಡ ಒಂದು ಚಿತ್ರವನ್ನು ಅಮ್ಮನಿಗೆ ಕಳಿಸುತ್ತಿದ್ದಳು. ಅಮ್ಮ ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದಳು. ರೋನಾ ಒಂದನ್ನೂ ನೋಡಿರಲಿಲ್ಲ. ನೋಡುವ ಮನಸ್ಸೇ ಇರಲಿಲ್ಲ. ಹತ್ತಿರವಿದ್ದು ನೋಡಿಕೊಳ್ಳುವವಳು ತಾನು, ಅಮ್ಮ ಕನವರಿಸುವುದು ಮಾತ್ರ ಅವಳನ್ನು ಎಂಬ ಹೊಟ್ಟೆಯುರಿ. ಈಗ ಆ ಉರಿ ಆರಿತ್ತು, ಬೂದಿ ಗಂಟಲಲ್ಲಿ ಉಳಿದಿತ್ತು.

ಅಕ್ಕನ ಸಾಮಾನಿನ ಜೊತೆ ಕ್ಯಾಮೆರಾ, ಅರ್ಧ ಖಾಲಿಯಾದ ಕಾಗದದ ಪೆಟ್ಟಿಗೆ ಮನೆಗೆ ಬಂದಿದ್ದವು. ಹೇಗಿದೆಯೋ ನೋಡೋಣವೆಂದು ರೋನಾ ತನ್ನನ್ನೇ ಒಮ್ಮೆ ತೆಗೆದುಕೊಂಡಳು. ತಟ್ಟೆಯಲ್ಲಿ ಮೊರಾಗ್ ಎದ್ದುಬಂದಳು. ಅವತ್ತು ರೋನಾ ನೆಲದ ಮೇಲೆ ಕುಸಿದು ಕೂತವಳು ಕತ್ತಲಾಗುವವರೆಗೂ ಏಳಲಿಲ್ಲ.

ಮರುದಿನ ಆ ಚಿತ್ರವನ್ನು ದ್ವೀಪದಿಂದ ಬಂತೆಂದು ಅಮ್ಮನಿಗೆ ಕೊಟ್ಟಳು. ಆಮೇಲೆ ಅದೇ ರೂಢಿಯಾಯಿತು. ಮುಖ ಮಸುಕಾಗದಂತೆ ಲೆನ್ಸಿನಿಂದ ದಾರ ಎಳೆದು ಮೂಗಿನ ತುದಿ ಎಲ್ಲಿರಬೇಕೆಂದು ಗುರುತು ಮಾಡಿಕೊಳ್ಳುವುದು. ಗುಂಡಿಯಿರುವ ಅಂಗಿ ಬಿಟ್ಟು ಸ್ವೆಟರ್ ತೊಡುವುದು. ಗುಂಡಿಯ ಪಟ್ಟಿ ತಿರುಗಿದರೆ ಗುಟ್ಟು ರಟ್ಟಾಗುತ್ತದೆ. ಕ್ಯಾಮೆರಾದ ಕಣ್ಣು ತೆರೆಸುವ ರಬ್ಬರ್ ಚೆಂಡನ್ನು ಕಾಲಡಿಯಲ್ಲಿ ಅದುಮಿ ಕಲ್ಲಿನಂತೆ ಕೂರುವುದು. ಕಾಗದ ಬಲು ನಿಧಾನ, ಕೊಂಚ ಅಲುಗಿದರೂ ಮುಖ ಕಲಸಿಹೋಗುತ್ತದೆ. ಹಾಗೆ ಕೂತಿರುವಾಗ ಅಕ್ಕ ತನ್ನ ಮೈಯೊಳಗೆ ಬಂದು ಕೂತಂತೆ ರೋನಾಗೆ ಅನ್ನಿಸುತ್ತಿತ್ತು. ಹೆದರಿಕೆಯಾಗುತ್ತಿತ್ತು. ಹೋಗಬೇಡ ಎಂದೂ ಅನ್ನಿಸುತ್ತಿತ್ತು.

ಇವತ್ತಿನದು ಪೆಟ್ಟಿಗೆಯ ಕೊನೆಯ ಹಾಳೆ. ಅಂಥ ಕಾಗದ ಈಗ ಬರುತ್ತಲೇ ಇಲ್ಲವೆಂದು ಅಂಗಡಿಯವನು ಕೈಯಲ್ಲಾಡಿಸಿಬಿಟ್ಟಿದ್ದ. ಇನ್ನು ಅಮ್ಮನಿಗೆ ನಿಜ ಹೇಳಬೇಕು, ಇಲ್ಲವೇ ಮೊರಾಗ್ ಅಮ್ಮನನ್ನು ಮರೆತಳು ಎನ್ನಬೇಕು. ಒಂದು ಅಮ್ಮನ ಜೀವ ತೆಗೆದೀತು, ಇನ್ನೊಂದು ಅಕ್ಕನ ಹೆಸರು ಕೆಡಿಸೀತು.

ಚಿತ್ರ ಒಣಗಿಸಿಕೊಂಡು ಮಧ್ಯಾಹ್ನ ವೃದ್ಧಾಶ್ರಮಕ್ಕೆ ಹೋದಳು. ಬಾಗಿಲಲ್ಲೇ ದಾದಿ ಲೋಸಾ ಸಿಕ್ಕಳು.

“ಬಾರಮ್ಮ. ಬೆಳಗ್ಗೆಯಿಂದ ನಿಮ್ಮಮ್ಮ ನನ್ನ ಜೀವ ತಿಂತಿದಾರೆ. ಚೀಸ್ ರೋಲ್ ಸುಟ್ಟಿಲ್ವಂತೆ, ಬರೀ ಬಿಸಿಲಿಗೆ ತೋರ್ಸಿದೀವಂತೆ!”

“ಸುಳ್ಳೇನು ಹೇಳಿದೆ?” ಒಳಗಿನಿಂದ ಅಮ್ಮನ ದನಿ ಬಂತು.

ಲೋಸಾ ನಗುತ್ತ ಹೋದಳು. ಅಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಅಚ್ಚು ಮೊರಾಗೇ,” ಎಂದಳು. “ಸೊರಗಿದಾಳೆ.”

“ಅಲ್ಲಿ ಚಳಿ ಅಲ್ವಾಮ್ಮ.”

“ಚಳಿಗೆ ಕಣ್ಣು ಹೀಗೆ ಊದ್ಕೊಳಲ್ಲ. ಒಬ್ಬಳೇ ಕೂತ್ಕೊಂಡು ಅಳ್ತಾಳೆ, ಹುಚ್ಚಿ. ಹಾಗೆ ಒಬ್ಬಳೇ ಅಳಬಾರದು ಅಂತ ಹೇಳು ಅವಳಿಗೆ.”

ರೋನಾ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. “ಅಮ್ಮ, ಇನ್ನು ಫೋಟೋ ಬರಲ್ಲ. ಕಾಗದ ಮುಗೀತು. ಅಮ್ಮ, ಮೊರಾಗ್...”

ಅಮ್ಮ ಅವಸರ ಮಾಡಲಿಲ್ಲ. ಮಂಚದ ಪಕ್ಕದ ಬಿಸ್ಕತ್ತಿನ ಡಬ್ಬಿಯನ್ನು ಮಗಳ ತೊಡೆಯ ಮೇಲಿಟ್ಟಳು. “ತೆಗೆದು ನೋಡು. ನೀನು ತಂದಿದ್ದು ಮೇಲಿವೆ. ದ್ವೀಪದಿಂದ ಬಂದಿದ್ದು ತಳದಲ್ಲಿವೆ.”

ರೋನಾ ತಳದಿಂದ ಒಂದನ್ನು ಎಳೆದಳು. ಹಿಂದೆ ಕಡಲು, ಬಂಡೆ, ಸಾಲುಗಟ್ಟಿದ ಹಕ್ಕಿಗಳು. ಮುಂದೆ ನಗುತ್ತ ನಿಂತವಳ ಎಡಗೆನ್ನೆಯಲ್ಲಿ ಮಚ್ಚೆ. ಅದು ರೋನಾ. ಇನ್ನೊಂದು ತೆಗೆದಳು, ಅದರಲ್ಲೂ ರೋನಾ. ಮತ್ತೊಂದರಲ್ಲೂ ರೋನಾ. ಜನ್ಮದಲ್ಲಿ ಕಾಲಿಡದ ದ್ವೀಪದಲ್ಲಿ ಅವಳು ನಗುತ್ತಿದ್ದಳು.

“ಆ ಕ್ಯಾಮೆರಾ ಅವಳ ಮುಖಾನೂ ತಿರುಗಿಸ್ತಿತ್ತಲ್ವೇನೇ, ದಡ್ಡಿ,” ಎಂದು ಅಮ್ಮ ಮಗಳ ತಲೆಯನ್ನು ಎದೆಗೆಳೆದುಕೊಂಡಳು. “ನೀನು ಬಲಗೆನ್ನೆ ಮಚ್ಚೆಯ ಮೊದಲನೇ ಫೋಟೋ ತಂದ್ಯಲ್ಲ, ಅವತ್ತೇ ನಾನು ಅತ್ತು ಮುಗಿಸಿದೆ.”